ಗುಡುಗಿದರೆ ಪ್ಲಗ್ ಕೀಳುವ ಊರಲ್ಲಿ ಯಾವ ವಿಜ್ಞಾನಕ್ಕೆ ಕಂಪ್ಯೂಟರ್ ಕೊಡುವುದು?

ಉಡುಪಿಯ ಕುಂಜಿಬೆಟ್ಟಿನ ನಮ್ಮ ಮನೆಯಲ್ಲಿ ಗುಡುಗು ಕೇಳಿದ ಕೂಡಲೇ ಅಮ್ಮನ ಮೊದಲ ಮಾತು, "ಪ್ಲಗ್ ತೆಗಿ ಮಾರಾಯ." ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮನೆಯ ಕಂಪ್ಯೂಟರಿನ ಬಿಡುವನ್ನು ವಿಜ್ಞಾನಕ್ಕೆ ಬಳಸುವ ಯೋಜನೆಗಳ ನಡುವೆ ನಾನು ಮಾಡಿದ ಹೋಲಿಕೆಯಲ್ಲಿ ಎಲ್ಲವನ್ನೂ ತೀರ್ಮಾನಿಸಿದ್ದು ಆ ಮಾತೇ.

ರಾತ್ರಿ ಸುಮ್ನೆ ಕೂತಿರುವ ಡೆಸ್ಕ್‌ಟಾಪನ್ನು ವಿಜ್ಞಾನಿಗಳ ಲೆಕ್ಕಕ್ಕೆ ಕೊಡುವ ಆಸೆ ನನಗೆ ಕಾಲೇಜು ದಿನಗಳಿಂದ ಇತ್ತು. ಆಗ ಎಲ್ಲರ ಬಾಯಲ್ಲಿದ್ದದ್ದು ಅನ್ಯಗ್ರಹ ಜೀವಿಗಳ ಸಂಕೇತ ಹುಡುಕುವ ಸೆಟಿ ಅಟ್ ಹೋಮ್. 1999ರಲ್ಲಿ ಶುರುವಾದ ಅದು 2020ರ ಮಾರ್ಚ್‌ನಲ್ಲಿ ಹೊಸ ಕೆಲಸ ಕಳಿಸುವುದನ್ನು ನಿಲ್ಲಿಸಿತು. ಹಾಗಾಗಿ ಬೇರೆ ಹುಡುಕಬೇಕಾಯಿತು.

ಮೊದಲು ಹಾಕಿದ್ದು ಫೋಲ್ಡಿಂಗ್ ಅಟ್ ಹೋಮ್. ಪ್ರೋಟೀನ್ ಒಂದು ಉದ್ದ ಸರ ಇದ್ದ ಹಾಗೆ. ಅದು ಹೇಗೆ ಮಡಚಿಕೊಳ್ಳುತ್ತದೆ ಎಂಬುದರ ಮೇಲೆ ಅದರ ಕೆಲಸ ನಿಂತಿದೆ. ತಪ್ಪಾಗಿ ಮಡಚಿಕೊಂಡರೆ ಅಲ್ಝೈಮರ್ಸ್‌ನಂಥ ಕಾಯಿಲೆಗಳಿಗೆ ನಂಟು. ಆ ಚಲನೆಯನ್ನು ಚೂರು ಚೂರಾಗಿ ಲೆಕ್ಕ ಹಾಕುವುದು ನಮ್ಮ ಯಂತ್ರದ ಪಾಲು. 2020ರಲ್ಲಿ ಕೊರೋನಾ ವೈರಸ್ಸಿನ ಪ್ರೋಟೀನ್‌ಗಳ ಕೆಲಸ ಬಂದಾಗ ಜನ ಮುಗಿಬಿದ್ದು ಸೇರಿದರು. ಎಲ್ಲರ ಕಂಪ್ಯೂಟರ್ ಕೂಡಿ ಒಂದು ಎಕ್ಸಾಫ್ಲಾಪ್ ದಾಟಿತು. ಅಂದರೆ ಸೆಕೆಂಡಿಗೆ 1ರ ಮುಂದೆ 18 ಸೊನ್ನೆಯಷ್ಟು ಲೆಕ್ಕ! ಅದರಲ್ಲಿ ನನ್ನದೊಂದು ಹನಿ ಇರಲಿಲ್ಲವಲ್ಲ ಎಂದು ಈಗಲೂ ಅನಿಸುತ್ತದೆ.

ಆದರೆ ಇಲ್ಲಿ ಒಂದು ಕಟ್ಟುಪಾಡಿದೆ. ಒಂದು ಚೂರಿನ ಉತ್ತರ ತಲುಪಿದ ಮೇಲೆಯೇ ಅದರ ಮುಂದಿನ ಚೂರು ಹುಟ್ಟುತ್ತದೆ. ನಾನು ತಡ ಮಾಡಿದರೆ ಆ ಲೆಕ್ಕದ ಸರಣಿ ಅಲ್ಲೇ ನಿಲ್ಲುತ್ತದೆ. ಅದಕ್ಕೇ ಗಡುವು ಚಿಕ್ಕದು, ಬೇಗ ಕೊಟ್ಟವರಿಗೆ ಅಂಕ ಜಾಸ್ತಿ. ಮೇ ತಿಂಗಳ ಒಂದು ವಾರ ಸಂಜೆ ಸಂಜೆಯೂ ಸಿಡಿಲು. ಎರಡು ಕೆಲಸ ಗಡುವು ಮೀರಿ ವ್ಯರ್ಥವಾದವು. ಬೇಸರ ಆಯಿತು.

ಐನ್‌ಸ್ಟೈನ್ ಅಟ್ ಹೋಮ್ ಇದಕ್ಕೆ ತೀರಾ ಬೇರೆ. 2005ರಿಂದ ನಡೆಯುತ್ತಿದೆ. ಗುರುತ್ವದ ಅಲೆಗಳನ್ನು ಹಿಡಿಯುವ ಲೈಗೋದಂಥ ಉಪಕರಣಗಳು ಮತ್ತು ದೂರದರ್ಶಕಗಳ ದತ್ತಾಂಶದಲ್ಲಿ ಗಿರಗಿರ ಸುತ್ತುವ ನ್ಯೂಟ್ರಾನ್ ನಕ್ಷತ್ರಗಳ (ಸತ್ತ ದೊಡ್ಡ ನಕ್ಷತ್ರಗಳ ಗಟ್ಟಿ ಉಳಿಕೆ) ಗುರುತು ಹುಡುಕುವುದು ಕೆಲಸ. ಇಲ್ಲಿ ಒಂದೊಂದು ಚೂರೂ ಸ್ವತಂತ್ರ. ನನ್ನದು ತಡವಾದರೆ ಬೇರೆಯವರ ಲೆಕ್ಕ ಕಾಯುತ್ತಾ ಕೂರುವುದಿಲ್ಲ. ನನಗೆ ಬಂದ ಕೆಲಸಗಳಿಗೆಲ್ಲ ಎರಡು ವಾರದ ಗಡುವು ಇತ್ತು. ಇದನ್ನು ನಡೆಸುವ ಬೊಯಿಂಕ್ ತಂತ್ರಾಂಶ ಮಾಡಿದಷ್ಟನ್ನು ಆಗಾಗ ಉಳಿಸಿಡುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಬಹುಪಾಲು ಬಿಟ್ಟಲ್ಲಿಂದಲೇ ಮುಂದುವರಿಯಿತು.

2010ರಲ್ಲಿ ಇದರಿಂದ ಸಿಕ್ಕ ಮೊದಲ ಪಲ್ಸಾರ್, ಅಂದರೆ ಸುತ್ತುತ್ತಾ ಮಿಡಿಯುವ ಅಂಥ ನಕ್ಷತ್ರ, ಸೆಕೆಂಡಿಗೆ ಸುಮಾರು 41 ಸಲ ಸುತ್ತುತ್ತದೆ. ಅದನ್ನು ಹಿಡಿದದ್ದು ಅಮೆರಿಕದ ಅಯೋವಾದ ಒಂದು ದಂಪತಿಯ ಮತ್ತು ಜರ್ಮನಿಯ ಒಬ್ಬರ ಕಂಪ್ಯೂಟರ್. ಮನೆಯ ಕಂಪ್ಯೂಟರ್! ಇದನ್ನು ಹೇಳಿದ ಮೇಲೆ ಅಮ್ಮನೂ ಪರದೆಯ ಮೇಲೆ ತಿರುಗುವ ನಕ್ಷತ್ರಗೋಳವನ್ನು ನಿಂತು ನೋಡುತ್ತಾರೆ.

ಪ್ರೋಟೀನಿನ ಆಕಾರ ಲೆಕ್ಕ ಹಾಕುವ ರೊಸೆಟ್ಟಾ ಅಟ್ ಹೋಮ್ ಕೂಡ ಬೊಯಿಂಕ್‌ನಲ್ಲೇ ಓಡುತ್ತದೆ. ಪ್ರೋಟೀನ್ ವಿನ್ಯಾಸಕ್ಕೆ 2024ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡ ಡೇವಿಡ್ ಬೇಕರ್ ಅವರ ಪ್ರಯೋಗಾಲಯದ್ದು. ಅದಕ್ಕೆ ಮೆಮೊರಿ ಜಾಸ್ತಿ ಬೇಕು, ನನ್ನಲ್ಲಿರುವುದು 8 ಜಿಬಿ. ನಾಲ್ಕೇ ದಿನಕ್ಕೆ ಬಿಟ್ಟೆ.

ಈಗ ಕರೆಂಟಿನ ಲೆಕ್ಕ. ಪ್ಲಗ್ಗಿಗೆ ಮೀಟರ್ ಹಾಕಿ ನೋಡಿದೆ. ಗ್ರಾಫಿಕ್ಸ್ ಕಾರ್ಡಿನಲ್ಲಿ ಫೋಲ್ಡಿಂಗ್ ಓಡಿದರೆ 190 ವ್ಯಾಟ್, ಪ್ರೊಸೆಸರಿನ ನಾಲ್ಕು ಕೋರ್‌ನಲ್ಲಿ ಐನ್‌ಸ್ಟೈನ್ ಓಡಿದರೆ 75. ರಾತ್ರಿ 8 ಗಂಟೆಯಂತೆ ತಿಂಗಳಿಗೆ ಸುಮಾರು 45 ಯೂನಿಟ್ ಮತ್ತು 18 ಯೂನಿಟ್. ನಮ್ಮ ಮನೆಯ ಖರ್ಚು ಮೊದಲೇ 150ರ ಹತ್ತಿರ. ಗೃಹಜ್ಯೋತಿಯಲ್ಲಿ ಮನೆಗೆ ಗೊತ್ತುಮಾಡಿದ ಮಿತಿ ಮೀರಿದ್ದಕ್ಕೆ ಹಣ ಕಟ್ಟಬೇಕು, 200 ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು. 195ರವರೆಗೆ ಹೋಗಿ ನಿಲ್ಲುವ ಧೈರ್ಯ ನನಗಿಲ್ಲ.

ಸೆಕೆ ಬಗ್ಗೆಯೂ ಹೇಳಬೇಕಲ್ವಾ. ಏಪ್ರಿಲ್‌ನಲ್ಲಿ ಫೋಲ್ಡಿಂಗ್ ಓಡುವ ಕೋಣೆಯಲ್ಲಿ ಮಲಗಲು ಆಗಲಿಲ್ಲ. ಜುಲೈಯಲ್ಲಿ ಅದೇ ಬಿಸಿ ಒಳ್ಳೆಯದಾಯಿತು. ಒಣಗದ ಬಟ್ಟೆಗಳನ್ನು ಅಮ್ಮ ಅಲ್ಲೇ ಹಗ್ಗ ಕಟ್ಟಿ ಹಾಕಿದರು.

ಹಾಗಾಗಿ ಈಗ ನನ್ನ ಕ್ರಮ ಹೀಗಿದೆ. ವರ್ಷದ ಹೆಚ್ಚು ತಿಂಗಳು ಐನ್‌ಸ್ಟೈನ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಬೊಯಿಂಕ್‌ನಲ್ಲೇ ಸಮಯ ಗೊತ್ತುಮಾಡಿದ್ದೇನೆ. ಡಿಸೆಂಬರ್, ಜನವರಿಯಲ್ಲಿ ಗುಡುಗೂ ಇಲ್ಲ, ಫ್ಯಾನಿನ ಖರ್ಚೂ ಕಡಿಮೆ. ಆ ಎರಡು ತಿಂಗಳು ವಾರಕ್ಕೆ ಮೂರು ರಾತ್ರಿ ಗ್ರಾಫಿಕ್ಸ್ ಕಾರ್ಡ್ ಫೋಲ್ಡಿಂಗ್‌ಗೆ.