ಸೆಕೆಂಡ್ ಹ್ಯಾಂಡ್ ಪಲ್ಪರ್ ತಗೊಳ್ಳೋರು ಓದಿ: ನನ್ನ 1,60,000 ರೂಪಾಯಿ ಹೋಯ್ತು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೂ ಇದೆ. "ಅಷ್ಟೂ ಗೊತ್ತಾಗಲಿಲ್ವಾ ನಿನಗೆ" ಅಂತ ಮನೆಯಲ್ಲಿ ಎಲ್ಲರೂ ಕೇಳಿ ಆಗಿದೆ, ದಯವಿಟ್ಟು ನೀವೂ ಕೇಳಬೇಡಿ.

ವಿಷಯ ಇಷ್ಟು. ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ. ಸೋಮವಾರಪೇಟೆ ಕಡೆಯ ಒಬ್ಬರು ತಮ್ಮ ಪಲ್ಪಿಂಗ್ ಯೂನಿಟ್ಟಿನ ಯಂತ್ರಗಳನ್ನು ಒಂದೊಂದಾಗಿ ಮಾರಿದ್ದಾರೆ. ಎಲ್ಲವೂ ಬ್ಯಾಂಕ್ ಸಾಲಕ್ಕೆ ಆಧಾರ ಇಟ್ಟಿರುವ ಯಂತ್ರಗಳು. ಅದರಲ್ಲಿ ಒಂದನ್ನು ನಾನು ತಗೊಂಡೆ. ದುಡ್ಡೂ ಹೋಯ್ತು, ಯಂತ್ರವೂ ಹೋಯ್ತು. ಬ್ಯಾಂಕಿನವರ ಪಟ್ಟಿಯಲ್ಲಿ ಏಳು ಯಂತ್ರ ಇದ್ದವು, ಅವರಿಗೆ ಸಿಕ್ಕಿದ್ದು ನಾಲ್ಕು. ಉಳಿದ ಮೂರು ಯಾರದೋ ಕಣದಲ್ಲಿ ಕೂತಿರಬೇಕು, ಇಲ್ಲ ಇನ್ನೂ ಗಿರಾಕಿ ಕಾಯುತ್ತಿರಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಸುಂಟಿಕೊಪ್ಪದ ಹತ್ತಿರ ಸಣ್ಣ ಕಾಫಿ ತೋಟ. ಇಷ್ಟು ವರ್ಷ ಹಣ್ಣನ್ನು ಹಾಗೇ ಕಣದಲ್ಲಿ ಹರವಿ, ಒಣಗಿಸಿ, ಚೆರಿ ಮಾಡಿ ಕೊಡುತ್ತಿದ್ದೆವು. ಅರೇಬಿಕಾವನ್ನಾದರೂ ಸಿಪ್ಪೆ ಸುಲಿದು, ತೊಳೆದು, ಒಣಗಿಸಿ ಪಾರ್ಚ್‌ಮೆಂಟ್ ಮಾಡೋಣ, ನಾಲ್ಕು ಕಾಸು ಜಾಸ್ತಿ ಸಿಗುತ್ತೆ ಅಂತ ನನ್ನ ಲೆಕ್ಕ. ಹೊಸ ಪಲ್ಪರ್ ನಮ್ಮ ಕೈಗೆ ಎಟುಕಲ್ಲ. ಪರಿಚಯದವರೊಬ್ಬರು ಈ ಮನುಷ್ಯನ ಹೆಸರು ಹೇಳಿದರು. ಅಕ್ಟೋಬರ್ ಕೊನೆಯಲ್ಲಿ ಹೋಗಿ ನೋಡಿದೆ.

ಶೆಡ್ಡಿನ ಕೆಳಗೆ ಹೊಸ ಹಸಿರು ಪೇಂಟ್ ಹೊಡೆದು ನಿಲ್ಲಿಸಿದ್ದರು. ನೀರು ಬಿಟ್ಟು ಎರಡು ಬುಟ್ಟಿ ಹಣ್ಣು ಹಾಕಿ ತೋರಿಸಿದರು. ಚೆನ್ನಾಗಿಯೇ ಓಡಿತು. ಹಣ್ಣು ಸುರಿಯುವ ಬಾಯಿಯ ಕೆಳಗೆ ಅಂಗೈ ಅಗಲದ ಜಾಗದಲ್ಲಿ ಮಾತ್ರ ಪೇಂಟು ಉಬ್ಬಿತ್ತು. ಕೈ ಆಡಿಸಿ ನೋಡಿದೆ. ನಾಲ್ಕು ಮೂಲೆಗೆ ನಾಲ್ಕು ತೂತು, ಪುಟ್ಟಿ ತುಂಬಿ ಮುಚ್ಚಿದ್ದು.

"ಇಲ್ಲೇನಿತ್ತು ಅಣ್ಣಾ?"

"ಕಂಪನಿ ಬೋರ್ಡು. ತುಕ್ಕು ಹಿಡಿದಿತ್ತು, ಪೇಂಟ್ ಮಾಡುವಾಗ ತೆಗೆಸಿಬಿಟ್ಟೆ."

ಕಂಪನಿಯ ಬೋರ್ಡು ಇನ್ನೊಂದು ಬದಿಯಲ್ಲಿ ಹಾಗೇ ಇತ್ತು. ಅದನ್ನೂ ನಾನು ನೋಡಿದ್ದೆ. ಒಂದು ಯಂತ್ರಕ್ಕೆ ಎರಡು ಕಂಪನಿ ಬೋರ್ಡು ಯಾಕಪ್ಪಾ ಅಂತ ತಲೆಗೆ ಹೊಳೆಯಲೇ ಇಲ್ಲ. ಈಗಲೂ ರಾತ್ರಿ ಮಲಗಿದಾಗ ಆ ನಾಲ್ಕು ತೂತು ಬೆರಳಿಗೆ ಸಿಕ್ಕಿದ ಹಾಗೇ ಆಗುತ್ತೆ. ಕೈಯಲ್ಲಿ ಮುಟ್ಟಿದ್ದೆ ಕಣ್ರೀ! ಮುಟ್ಟಿ ಸುಮ್ನೆ ಬಂದೆ.

ಹಳೇ ಬಿಲ್ ಕೇಳಿದ್ದಕ್ಕೆ "ಮನೇಲಿ ಎಲ್ಲೋ ಇದೆ, ಹುಡುಕಿ ಕೊಡ್ತೀನಿ, ನಿನಗ್ಯಾಕೆ ಅವಸರ" ಅಂದರು. 1,60,000ಕ್ಕೆ ಮಾತಾಯಿತು. ಒಂದು ಲಕ್ಷ ಖಾತೆಗೆ ಹಾಕಿದೆ, 60,000 ಕೈಗೆ ಕೊಟ್ಟೆ. ರಸೀದಿ ಇಲ್ಲ. ಹೌದು, ರಸೀದಿ ಇಲ್ಲ.

ಡಿಸೆಂಬರ್ ಎರಡನೇ ವಾರ, ಕೊಯ್ಲು ಜೋರಾಗಿರುವಾಗ ಬ್ಯಾಂಕಿನವರು ಇಬ್ಬರು ಬಂದರು. ಅವತ್ತಿನ ಹಣ್ಣು ಚೀಲದಲ್ಲಿ ಬಂದು ಕೂತಿತ್ತು. ಹಣ್ಣನ್ನು ಅವತ್ತೇ ಪಲ್ಪ್ ಮಾಡಬೇಕು, ಇಲ್ಲದಿದ್ದರೆ ಹುಳಿ ಬರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಅವರಲ್ಲೊಬ್ಬರು ಕುಕ್ಕರಗಾಲಲ್ಲಿ ಕೂತು, ಮೊಬೈಲ್ ಟಾರ್ಚ್ ಹಾಕಿ, ಮೋಟಾರಿನ ಮೇಲಿದ್ದ ಗ್ರೀಸನ್ನು ಹೆಬ್ಬೆರಳಲ್ಲಿ ಒರೆಸಿ ನಂಬರ್ ಓದಿದರು. ಇನ್ನೊಬ್ಬರ ಕೈಯಲ್ಲಿ ಬಿಲ್ಲು ಇತ್ತು. ನನಗೆ ಹುಡುಕಿ ಕೊಡುತ್ತೇನೆ ಅಂದಿದ್ದ ಅದೇ ಬಿಲ್ಲು! ನಂಬರ್ ಸರಿಹೋಯಿತು.

"ಇದು ನಮ್ಮ ಬ್ಯಾಂಕಿಗೆ ಹೈಪಾಥಿಕೇಶನ್ ಆಗಿರೋ ಮೆಷಿನ್ ಸಾರ್."

"ನಾನು ದುಡ್ಡು ಕೊಟ್ಟು ತಗೊಂಡಿದ್ದೀನಿ. ಸಾಲ ಇದೆ ಅಂತ ನನಗೆ ಹೇಗೆ ಗೊತ್ತಾಗಬೇಕು?"

"ಸೆರ್ಸಾಯ್‌ನಲ್ಲಿ ಹಾಕಿದ್ದೀವಲ್ಲ ಸಾರ್."

ನನಗೆ ಕೇಳಿಸಿದ್ದು ಶಿರಸಿ. ಶಿರಸಿಯಲ್ಲಿ ಹಾಕಿದರೆ ಸುಂಟಿಕೊಪ್ಪದಲ್ಲಿ ಹೇಗೆ ಗೊತ್ತಾಗುತ್ತೆ ಅಂತ ಜಗಳಕ್ಕೇ ಹೋದೆ. ಅವರು ನಗಲಿಲ್ಲ, ಪಾಪ. ಅದೊಂದು ಕೇಂದ್ರ ನೋಂದಣಿ, ಆನ್‌ಲೈನ್‌ನಲ್ಲಿದೆ, ಯಾರು ಬೇಕಾದರೂ ನೋಡಬಹುದು, ಅಲ್ಲಿ ದಾಖಲಾದರೆ ಎಲ್ಲರಿಗೂ ತಿಳಿಸಿದ ಹಾಗೇ ಲೆಕ್ಕ ಅಂದರು. "ನಾವು ಪಬ್ಲಿಕ್ ನೋಟಿಸ್ ಕೊಟ್ಟಾಗಿದೆ ಸಾರ್. ನೀವು ನೋಡಿಲ್ಲ, ಅಷ್ಟೇ." ಆ "ಅಷ್ಟೇ" ಅನ್ನೋ ಮಾತಿಗೆ ನನ್ನ ಮೈ ಉರಿದುಹೋಯಿತು.

ಕೃಷಿ ಜಮೀನಿನ ಮೇಲೆ ಸರ್ಫೇಸಿ, ಅಂದರೆ ಬ್ಯಾಂಕು ಆಧಾರದ ಮಾಲನ್ನು ತಾನೇ ವಶಕ್ಕೆ ತಗೊಳ್ಳೋ ಕಾಯ್ದೆ, ನಡೆಯಲ್ಲ ಅಂತ ಎಲ್ಲೋ ಕೇಳಿದ್ದೆ, ಅದನ್ನೂ ಎಸೆದೆ. "ಜಮೀನಿನ ಮೇಲೆ ಸಾರ್. ಇದು ಮೆಷಿನ್" ಅಂದರು. ಕೊಡಲ್ಲ ಅಂದರೆ ಮ್ಯಾಜಿಸ್ಟ್ರೇಟ್ ಆರ್ಡರ್ ತಂದು ಪೊಲೀಸರ ಜೊತೆ ಬರುತ್ತೇವೆ ಅಂದಾಗ ಅಮ್ಮ ಒಳಗಿಂದ ಅಳುತ್ತಾ ಬಂದರು. ಮನೆ ಮುಂದೆ ಪೊಲೀಸ್ ಜೀಪು ನಿಲ್ಲೋದು ಬೇಡ ಅಂದರು. ಪಕ್ಕದ ತೋಟದವರೂ, ತೋಟದ ಲೆಕ್ಕ ಬರೆಯುವ ರೈಟರೂ ಸಾಕ್ಷಿ ಹಾಕಿದರು. ಬರೆದುಕೊಟ್ಟು ಪಿಕಪ್ಪಿಗೆ ಹತ್ತಿಸಿದೆ. ನಮ್ಮ ಆಳುಗಳೇ ಎತ್ತಿಕೊಟ್ಟರು. ಆ ಹಣ್ಣೆಲ್ಲ ಮತ್ತೆ ಕಣಕ್ಕೇ, ಮತ್ತೆ ಚೆರಿಯೇ.

ಅವತ್ತು ರಾತ್ರಿ ಕೂತು ನಾನೇ ಹುಡುಕಿದೆ. ಹತ್ತು ರೂಪಾಯಿ ಫೀಸು, ಮೇಲೆ ಜಿಎಸ್‌ಟಿ. ಸಾಲಗಾರನ ವಿವರ ಹಾಕಿದೆ, ಬಂದೇಬಿಟ್ಟಿತು. ಯಂತ್ರೋಪಕರಣಗಳ ಮೇಲೆ ಹೈಪಾಥಿಕೇಶನ್, ನಾನು ತಗೊಳ್ಳೋದಕ್ಕೆ ಎರಡು ವರ್ಷ ಮೊದಲೇ ದಾಖಲು. ಹತ್ತು ರೂಪಾಯಿ! ಸುಂಟಿಕೊಪ್ಪದಲ್ಲಿ ಒಂದು ಟೀ ಕುಡಿಯೋ ದುಡ್ಡು.

ಗಾಡಿ ತಗೊಂಡರೆ ಆರ್‌ಸಿ ನೋಡುತ್ತೇವೆ, ಹೈಪಾಥಿಕೇಶನ್ ಇದ್ದರೆ ಬ್ಯಾಂಕಿನ ಎನ್‌ಒಸಿ, ಫಾರಂ 35 ಕೇಳುತ್ತೇವೆ. ಜಮೀನಾದರೆ ಪಹಣಿಯ ಋಣದ ಕಾಲಂ, ಇಸಿ. ಇದೆಲ್ಲ ಸಣ್ಣ ಮಕ್ಕಳಿಗೂ ಗೊತ್ತು. ಪಲ್ಪರಿಗೆ ಏನು ನೋಡ್ತೀರಿ ಹೇಳಿ? ಅದಕ್ಕೆ ಆರ್‌ಸಿಯೂ ಇಲ್ಲ, ಪಹಣಿಯೂ ಇಲ್ಲ. ಪತ್ರ ಇಲ್ಲದ ಮಾಲಿನ ಮೇಲೆ ಸಾಲ ಎಲ್ಲಿಂದ ಬರುತ್ತೆ ಅಂತಲೇ ನಾನು ಅಂದುಕೊಂಡಿದ್ದೆ. ಚಿನ್ನ ಅಡವಿಟ್ಟರೆ ಚಿನ್ನ ಬ್ಯಾಂಕಿನ ಒಳಗೆ ಹೋಗುತ್ತೆ. ಹೈಪಾಥಿಕೇಶನ್‌ನಲ್ಲಿ ಮಾಲು ಸಾಲಗಾರನ ಹತ್ತಿರವೇ ಇರುತ್ತೆ, ಓಡಿಸುತ್ತಾನೆ, ದುಡಿಯುತ್ತಾನೆ. ನಮ್ಮ ಕಣ್ಣಿಗೆ ಅವನೇ ಯಜಮಾನ. ಬ್ಯಾಂಕಿನವರು ತಮಗೆ ಆಧಾರ ಇದೆ ಅಂತ ಯಂತ್ರದ ಮೇಲೆ ಒಂದು ಬೋರ್ಡು ಹೊಡೆಸಿರುತ್ತಾರೆ. ನಾಲ್ಕು ತೂತಿನ ಬೋರ್ಡು ಅದೇ.

ಮಡಿಕೇರಿಯ ವಕೀಲರು ಬಿಡಿಸಿ ಹೇಳಿದರು. ಯಂತ್ರ, ದಾಸ್ತಾನು ಇವುಗಳ ಹೈಪಾಥಿಕೇಶನ್ನನ್ನೂ ಸೆರ್ಸಾಯ್‌ನಲ್ಲಿ ದಾಖಲಿಸುವ ನಿಯಮ 2016ರಲ್ಲೇ ಬಂದಿದೆ. 2020ರ ಜನವರಿ 24ರಿಂದ ಸರ್ಫೇಸಿ ಕಾಯ್ದೆಯ 26ಸಿ ಸೆಕ್ಷನ್ ಜಾರಿಯಲ್ಲಿದೆ. ಅದರ ಪ್ರಕಾರ ದಾಖಲಾತಿಯೇ ಸಾರ್ವಜನಿಕ ನೋಟಿಸು. ಆಮೇಲೆ ಮಾಲು ಯಾರ ಕೈಗೆ ಹೋದರೂ ಬ್ಯಾಂಕಿನ ಹಕ್ಕು ಅದರ ಬೆನ್ನಿಗೇ ಹೋಗುತ್ತದೆ. ಕಾಫಿ ವ್ಯಾಪಾರಿ ತನ್ನ ದಾಸ್ತಾನಿನಿಂದ ದಿನದ ವ್ಯಾಪಾರದಲ್ಲಿ ಕಾಫಿ ಮಾರಿದರೆ ತಗೊಂಡವನಿಗೆ ಈ ತೊಂದರೆ ಇಲ್ಲ, ಅದು ಅವನ ಮಾಮೂಲಿ ವ್ಯವಹಾರ. ಯೂನಿಟ್ ನಡೆಸುವವನು ಪಲ್ಪರನ್ನೇ ಕಿತ್ತು ಮಾರಿದರೆ ಅದು ಮಾಮೂಲಿ ವ್ಯವಹಾರ ಅಲ್ಲ. ಅದಕ್ಕಿಂತ ಹೊಟ್ಟೆ ಉರಿಯೋ ಮಾತು ಇನ್ನೊಂದಿದೆ. ಸಾಲ ಕಟ್ಟಿ ಅಂತ ಬ್ಯಾಂಕು 60 ದಿನದ ನೋಟಿಸ್ ಕೊಟ್ಟಿದ್ದು ಸೆಪ್ಟೆಂಬರ್‌ನಲ್ಲಿ. ಆ ನೋಟಿಸ್ ಬಂದ ಮೇಲೆ ಬ್ಯಾಂಕಿನ ಒಪ್ಪಿಗೆ ಇಲ್ಲದೆ ಆಧಾರದ ಮಾಲನ್ನು ಹೀಗೆ ಮಾರುವ ಹಾಗೇ ಇಲ್ಲ. ನನಗೆ ಮಾರಿದ್ದು ಅಕ್ಟೋಬರ್ ಕೊನೆಗೆ. ಮಳೆಗಾಲ ಮುಗಿದ ಮೇಲೆ ಪೇಂಟ್ ಮಾಡಿಸಿದೆ ಅಂದಿದ್ದರು ಪುಣ್ಯಾತ್ಮರು. ಮಳೆಗಾಲ ಅಲ್ಲ, ನೋಟಿಸ್ ಬಂದ ಮೇಲೆ ಮಾಡಿಸಿದ್ದು.

ಫೋನ್ ಮಾಡಿದೆ.

"ಅದು ನನಗೂ ಬ್ಯಾಂಕಿಗೂ ಇರೋ ವಿಷಯ. ನೀನ್ಯಾಕೆ ತಲೆ ಕೆಡಿಸ್ಕೊಳ್ತೀಯ?"

"ಪಲ್ಪರ್ ತಗೊಂಡು ಹೋದರಲ್ಲ ಅಣ್ಣಾ!"

"ನೀನ್ಯಾಕೆ ಕೊಟ್ಟೆ? ನಾನಾಗಿದ್ರೆ ಕೊಡ್ತಿರಲಿಲ್ಲ."

ಕೇಳಿದ್ರಾ? ಕೊನೆಗೆ ತಪ್ಪು ನನ್ನದೇ ಆಯಿತು. ಎರಡನೇ ಸಲ ಮಾಡಿದಾಗ "ಸೀಸನ್ ಮುಗೀಲಿ, ನೋಡೋಣ." ಮೂರನೇ ಸಲ "ಒಂದು ಲಕ್ಷ ತಾನೇ ಕೊಟ್ಟಿದ್ದು?" ಕೈಗೆ ಕೊಟ್ಟ 60,000 ಅವರ ನೆನಪಿನಿಂದಲೇ ಹೋಗಿದೆ. ಆಮೇಲೆ ಫೋನ್ ಎತ್ತಿಲ್ಲ. ವಾಟ್ಸಾಪ್‌ನಲ್ಲಿ ನೀಲಿ ಗೆರೆ ಮಾತ್ರ ಬರುತ್ತೆ.

ಬ್ಯಾಂಕಿನ ವಿರುದ್ಧ ಹೋಗಬೇಕೆಂದರೆ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಓಡಾಟಕ್ಕೆ, ಫೀಸಿಗೆ ಪಲ್ಪರಿನ ದುಡ್ಡೇ ಸಾಲಲ್ಲ ಅಂತ ಬಿಟ್ಟೆ. ಮಾರಿದವರ ಮೇಲೆ ದಾರಿ ಇದೆ. 1930ರ ಸರಕು ಮಾರಾಟ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಮಾಲಿನ ಮೇಲೆ ಮುಚ್ಚಿಟ್ಟ ಸಾಲ ಇಲ್ಲ ಅನ್ನೋ ಖಾತರಿ ಬಾಯಿಬಿಟ್ಟು ಹೇಳದಿದ್ದರೂ ಮಾರಾಟದಲ್ಲಿ ಸೇರಿಯೇ ಇರುತ್ತದಂತೆ. ವಕೀಲರ ನೋಟಿಸ್ ಹೋಗಿದೆ. ವಂಚನೆ ಅಂತ ದೂರನ್ನೂ ಕೊಟ್ಟಿದ್ದೇನೆ. ಕೈಗೆ ಕೊಟ್ಟ ದುಡ್ಡಿಗೆ ಸಾಕ್ಷಿ ಏನು ಅಂತ ಅಲ್ಲೂ ಕೇಳಿದರು.

ನೀವು ಹಳೇ ಪಲ್ಪರ್, ಹಲ್ಲರ್, ಡ್ರೈಯರ್, ಜನರೇಟರ್ ಏನೇ ತಗೊಳ್ಳಿ, ಒರಿಜಿನಲ್ ಬಿಲ್ ಕೈಗೆ ಬಾರದೆ ಒಂದು ರೂಪಾಯಿ ಕೊಡಬೇಡಿ. ಬಿಲ್ ಬ್ಯಾಂಕಿನಲ್ಲಿದ್ದರೆ ಯಾವ ಬ್ಯಾಂಕು ಅಂತ ಕೇಳಿ, ಹೋಗಿ ವಿಚಾರಿಸಿ. ಹತ್ತು ರೂಪಾಯಿ ಖರ್ಚು ಮಾಡಿ ಸೆರ್ಸಾಯ್ ನೋಡಿ. ಕಂಪನಿಯ ಹೆಸರಲ್ಲಿದ್ದರೆ ಕಂಪನಿ ರಿಜಿಸ್ಟ್ರಾರ್ ದಾಖಲೆಯಲ್ಲೂ ಸಾಲ ಬರುತ್ತೆ. ದುಡ್ಡೆಲ್ಲ ಖಾತೆಗೇ ಹಾಕಿ, ಎಲ್ಲವೂ. ಅಣ್ಣ ತಮ್ಮ ಅಂತ ಮಾತಾಡುವವರ ಹತ್ತಿರ ಇನ್ನೂ ಎರಡು ಪಟ್ಟು ಹುಷಾರು.

ಮೊನ್ನೆ ಗೋಣಿಕೊಪ್ಪದ ಪರಿಚಯದವರೊಬ್ಬರು ಫೋನ್ ಮಾಡಿದ್ದರು. ಒಂದು ಡ್ರೈಯರ್ ನೋಡಿ ಬಂದಿದ್ದಾರಂತೆ, ಸೋಮವಾರಪೇಟೆ ಕಡೆಯದ್ದಂತೆ, ರೇಟ್ ಚೆನ್ನಾಗಿದೆಯಂತೆ. ಪೇಂಟ್ ಹೇಗಿದೆ ಅಂತ ಕೇಳಿದೆ.

"ಹೊಸದರ ಹಾಗೇ ಇಟ್ಕೊಂಡಿದ್ದಾರೆ ಮಾರಾಯ್ರೆ" ಅಂದರು.