ಗಡುವು ಮೀರಿದ ಗ್ರೀನ್ ಕಾರ್ಡ್: ಎಸ್‌ಬಿ-1 ವೀಸಾವೇ, ಮಕ್ಕಳ ಹೊಸ ಅರ್ಜಿಯೇ?

ಅಮೆರಿಕದ ಗ್ರೀನ್ ಕಾರ್ಡ್ ಹೊಂದಿದ್ದು, ಮರುಪ್ರವೇಶ ಪರವಾನಗಿ ಪಡೆಯದೆ ಉಡುಪಿಗೆ ಬಂದು 1 ವರ್ಷಕ್ಕಿಂತ ಹೆಚ್ಚು ಕಾಲ ಉಳಿದ ಹಿರಿಯರು ಸಾಮಾನ್ಯವಾಗಿ ಆ ಕಾರ್ಡ್ ಒಂದನ್ನೇ ನಂಬಿ ಮರಳುವಂತಿಲ್ಲ. ಹೀಗೆ ತಡವಾದ ಗ್ರೀನ್ ಕಾರ್ಡ್‌ದಾರರು ಮರಳಲೆಂದೇ ಇರುವ ಎಸ್‌ಬಿ-1 ವೀಸಾ ಕೇಳುವುದಾದರೆ, ಹೊರಡುವಾಗಲೇ ಮರಳುವ ಉದ್ದೇಶವಿತ್ತೆಂದೂ, ತಡವಾದದ್ದು ಕೈಮೀರಿದ ಕಾರಣದಿಂದೆಂದೂ ಕಾನ್ಸುಲೇಟ್‌ಗೆ ದಾಖಲೆಗಳ ಮೂಲಕ ಮನವರಿಕೆ ಮಾಡಿಕೊಡಬೇಕು, ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ಅಮೆರಿಕದಲ್ಲಿ ಸಲ್ಲಿಸಿದ ತೆರಿಗೆ ವಿವರ, ಬಳಸದೆ ಉಳಿದ ವಾಪಸಾತಿ ಟಿಕೆಟ್ ನೆರವಿಗೆ ಬರುತ್ತವೆ, ಆದರೆ ಗದ್ದೆಯ ಪಾಲುಪಟ್ಟಿ ಮುಗಿಯಲಿಲ್ಲವೆಂಬ ಕಾರಣ (ನಮ್ಮೂರಿನಲ್ಲಿ ಅದು ಮುಗಿಯುವುದುಂಟೇ?) ನಿಲ್ಲುವುದು ಕಷ್ಟ. ಮಗನೋ ಮಗಳೋ 21 ವರ್ಷ ತುಂಬಿದ ಅಮೆರಿಕದ ಪ್ರಜೆಯಾಗಿದ್ದರೆ ಅವರು ತಂದೆತಾಯಿಯರಿಗಾಗಿ ಹೊಸದಾಗಿ ಸಲ್ಲಿಸುವ ಐ-130 ಎಂಬ ಬಂಧುಗಳ ವಲಸೆ ಅರ್ಜಿಯೇ ಮೇಲೆಂದು ನನ್ನ ಅಭಿಪ್ರಾಯ: ತಂದೆತಾಯಿಯರ ವೀಸಾಕ್ಕೆ ವಾರ್ಷಿಕ ಮಿತಿಯಿಲ್ಲ, ತಡವಾದುದಕ್ಕೆ ಕೈಮೀರಿದ ಕಾರಣವಿತ್ತೆಂದು ರುಜುವಾತುಪಡಿಸಬೇಕಾಗಿಯೂ ಇಲ್ಲ, ಆದರೆ ಪೌರತ್ವಕ್ಕೆ ಬೇಕಾದ ವಾಸದ ಲೆಕ್ಕ ಹೊಸದಾಗಿ ಆರಂಭವಾಗುತ್ತದೆ.