ಕಡಲ ಹದ್ದಿಗೆ 10, ಪಿಕಳಾರಕ್ಕೆ 8: ನಿಕಾನ್ ಮೊನಾರ್ಕ್ ಎಂ5 ಬೈನಾಕ್ಯುಲರ್

ಹಕ್ಕಿ ಚಿಕ್ಕದಾದಷ್ಟೂ ಪವರ್ ಜಾಸ್ತಿ ಬೇಕು ಎಂದು ಹೆಚ್ಚಿನವರು 10×42 ಕೊಳ್ಳುತ್ತಾರೆ (10 ಎಂದರೆ ಪವರ್, ಅಂದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು; 42 ಎಂದರೆ ಮುಂದಿನ ಲೆನ್ಸಿನ ಅಗಲ, ಮಿಲಿಮೀಟರಿನಲ್ಲಿ). ಉಡುಪಿ ಜಿಲ್ಲೆಯಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಇಲ್ಲಿ 10 ಪವರ್ ಒದಗುವುದು ಬಿಳಿಹೊಟ್ಟೆಯ ಕಡಲ ಹದ್ದಿಗೆ. ಬೂದುತಲೆ ಪಿಕಳಾರಕ್ಕೆ 8 ಪವರೇ ಸರಿ.

ಕಡಲ ಹದ್ದಿನ ರೆಕ್ಕೆಯ ಹರವು ಎರಡು ಮೀಟರಿನ ಆಸುಪಾಸು. ಕೋಡಿ ಬೆಂಗ್ರೆಯ ಅಳಿವೆಯ ಮೇಲೆ ಅರ್ಧ ಕಿಲೋಮೀಟರ್ ದೂರದಲ್ಲಿದ್ದರೂ ವಿ ಆಕಾರಕ್ಕೆ ಎತ್ತಿದ ರೆಕ್ಕೆ, ಬೆಣೆಯಂಥ ಮೊಟಕು ಬಾಲ 8, 10 ಎರಡು ಪವರಿನಲ್ಲೂ ತಿಳಿಯುತ್ತವೆ. ಎಳೆಯ ಹದ್ದೂ ಎಳೆಯ ಗರುಡವೂ ಕಂದು ಬಣ್ಣದವು. ದೂರದಲ್ಲಿ ಅವನ್ನು ಬೇರ್ಪಡಿಸಲು 10 ಪವರ್ ನಿಜಕ್ಕೂ ನೆರವಾಗುತ್ತದೆ. ಆದರೆ ಬಿಸಿಲೇರಿ ನೀರಿನ ಮೇಲಿನ ಗಾಳಿ ಕುದಿಯತೊಡಗಿದರೆ ಅದೂ ಕದಡಿದ ಚಿತ್ರವನ್ನೇ ದೊಡ್ಡದು ಮಾಡುತ್ತದೆ.

ಪಿಕಳಾರದ ಕತೆಯೇ ಬೇರೆ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ, ಸುಮಾರು 19 ಸೆಂಟಿಮೀಟರಿನ ಹಕ್ಕಿ ಅದು. ಆಗುಂಬೆ ಘಾಟಿಯ ಕೆಳಗಿನಂಥ ಕಾಡುಗಳಲ್ಲಿ, ಬಿದಿರು, ಬೆತ್ತದ ಪೊದೆಯ ಒಳಗೆ, ಹತ್ತಿಪ್ಪತ್ತು ಮೀಟರ್ ಅಂತರದಲ್ಲೇ ಇರುತ್ತದೆ. ಒಂದೆರಡು ಕ್ಷಣ ಕಂಡು ಮರೆಯಾಗುತ್ತದೆ. ದೂರ ಅಲ್ಲ, ಕತ್ತಲೆ ಮತ್ತು ಅವಸರ ಇಲ್ಲಿ ತೊಡಕು. 42ನ್ನು ಪವರಿನಿಂದ ಭಾಗಿಸಿ: ಕಣ್ಣಿಗೆ ಬರುವ ಬೆಳಕಿನ ಬಿಲ್ಲೆ 8ರಲ್ಲಿ 5.25 ಮಿಲಿಮೀಟರ್, 10ರಲ್ಲಿ 4.2. ಮೋಡದ ಬೆಳಿಗ್ಗೆ ಹಳದಿ-ಹಸಿರು ಹಣೆ, ಕಪ್ಪು ಗದ್ದ, ಬೆಳ್ಳನೆಯ ಕಣ್ಣು ಬಿಡಿಯಾಗಿ ಕಾಣಲು ಈ ವ್ಯತ್ಯಾಸ ಸಾಕು. ಎಂ5ರಲ್ಲಿ 8ರ ನೋಟದ ಅಗಲ 1,000 ಮೀಟರ್ ದೂರದಲ್ಲಿ 112 ಮೀಟರ್, 10ರದ್ದು 98. ಅಗಲ ಕಡಿಮೆಯಾದಷ್ಟೂ ಪೊದೆಯಲ್ಲಿ ಹುಡುಕುವ ಹೊತ್ತು ಹೆಚ್ಚು, ಅಷ್ಟರಲ್ಲಿ ಹಕ್ಕಿ ಹೋಗಿರುತ್ತದೆ. ಕೈನಡುಕವೂ 10ರಲ್ಲಿ ಎದ್ದು ಕಾಣುತ್ತದೆ. ಒಂದನ್ನೇ ಕೊಳ್ಳುವುದಾದರೆ 8×42 ಕೊಳ್ಳಿ.

ಕೊರತೆಯೂ ಇದೆ. 112 ಮೀಟರ್ ಎಂಬುದು 8 ಪವರಿಗೆ ಇಕ್ಕಟ್ಟೇ. ಇದೇ ಕಂಪನಿಯ ಎಂ7 8×42ರಲ್ಲಿ 145 ಮೀಟರ್ ಸಿಗುತ್ತದೆ. ಕಾಡೇ ಮುಖ್ಯವಾದವರು ಅದಕ್ಕೆ ಹಣ ಕೂಡಿಸುವುದು ಒಳ್ಳೆಯದು. ತೂಕ 630 ಗ್ರಾಂ, ಕುತ್ತಿಗೆಗೆ ಅಗಲದ ಪಟ್ಟಿ ಹಾಕಿ. ಕನ್ನಡಕದವರು ಐಕಪ್ (ಕಣ್ಣಿಗೆ ತಾಗುವ ಬಳೆ) ಪೂರ್ತಿ ಒಳಕ್ಕೆ ತಿರುಗಿಸಿಕೊಂಡರೆ ನೋಟದ ಅಂಚು ಕತ್ತರಿಸುವುದಿಲ್ಲ.

ಎರಡು ಕಣ್ಣುಗಳ ದೃಷ್ಟಿಯ ವ್ಯತ್ಯಾಸ ಸರಿದೂಗಿಸುವ ಬಲಗಣ್ಣಿನ ರಿಂಗನ್ನು ಮೊದಲ ದಿನವೇ ಹೊಂದಿಸಿ: ಬಲ ಲೆನ್ಸ್ ಮುಚ್ಚಿ ನಡುಚಕ್ರದಿಂದ ಎಡಗಣ್ಣಿಗೆ ಸ್ಪಷ್ಟ ಮಾಡಿ, ಆಮೇಲೆ ಎಡ ಮುಚ್ಚಿ ರಿಂಗ್ ಮಾತ್ರ ತಿರುಗಿಸಿ. ಇದನ್ನು ಬಿಟ್ಟರೆ ಎಂಥ ಗಾಜೂ ಮಂಜು, ತಲೆನೋವು ಬೇರೆ.

ನೀರು ಹೋಗದಂತೆ ಮುಚ್ಚಿರುವುದರಿಂದ ಮಳೆಗೆ ಹೆದರಬೇಕಿಲ್ಲ, ನೈಟ್ರೋಜನ್ ತುಂಬಿರುವುದರಿಂದ ಒಳಗೆ ಮಂಜು ಕಟ್ಟುವುದಿಲ್ಲ, ಆದರೆ ಹೊರಗಾಜಿಗೆ ಕರಾವಳಿಯ ಬೂಷ್ಟು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯ ಚೀಲದಲ್ಲಿಡದೆ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಬಣ್ಣ ತಿರುಗಿದ ಕೂಡಲೇ ಜೆಲ್ ಬದಲಿಸಿ. ಮಲ್ಪೆಯ ಗಾಳಿಯಲ್ಲಿ ಉಪ್ಪು ಕೂತಿದ್ದರೆ ಒಣಬಟ್ಟೆಯಿಂದ ತಿಕ್ಕಬೇಡಿ, ಹರಳು ಲೇಪನವನ್ನು ಗೀರುತ್ತದೆ. ಮೊದಲು ಗಾಳಿ ಊದುವ ಬ್ಲೋವರ್, ನಂತರ ಸಿಹಿನೀರಿನಲ್ಲಿ ಒದ್ದೆ ಮಾಡಿದ ಲೆನ್ಸ್ ಬಟ್ಟೆ, ಕೊನೆಗೆ ಒಣಬಟ್ಟೆ.